ಸೀಳಿದ ಕೂವೆಗೆ ಇನ್ನೊಂದು ಬೆಣೆ

ಭಾವ ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಇದ್ದದ್ದು ಒಂದು ಕಂಬ, ಕಂಬದ ಉದ್ದಕ್ಕೆ ಒಂದು ಕಪ್ಪು ಗೆರೆ. ಎಷ್ಟು ಆಳ ಎಂದು ತೋರಿಸಲಿಕ್ಕೆ ಆ ಗೆರೆಯೊಳಗೆ ತಮ್ಮ ಬಸ್ ಪಾಸು ತೂರಿಸಿಟ್ಟಿದ್ದರು. ಅರ್ಧ ಪಾಸು ಒಳಗೆ ಹೋಗಿತ್ತು. ಕೆಳಗೆ ಒಂದೇ ಸಾಲು: "ಬರುವಾಗ ಒಂದು ಡಬ್ಬಿ ಫೆವಿಕಾಲ್ ತಾ ಮಾರಾಯ, ಇಲ್ಲಿಯದರ ಮೇಲೆ ನಂಬಿಕೆ ಇಲ್ಲ."

ಭಾವ ಹೊನ್ನಾವರದವರು. ಮೂವತ್ತು ವರ್ಷದಿಂದ ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸ್ಸೆಕ್ಸ್‌ನಲ್ಲಿದ್ದಾರೆ. ನಿವೃತ್ತರಾದ ಮೇಲೆ, ಅಕ್ಕ ಬೇಡವೆಂದರೂ ಕೇಳದೆ, ಹದಿನೆಂಟು ಅಡಿಯ ಹಳೆಯ ಮರದ ಹಾಯಿದೋಣಿಯೊಂದನ್ನು ಕೊಂಡರು. ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗಿದ್ದರು. ಮರದ ದೋಣಿ ಯಾಕೆ ಅಗ್ಗಕ್ಕೆ ಸಿಗುತ್ತದೆ ಎಂಬುದು ಎರಡನೆಯ ಚಳಿಗಾಲ ಮುಗಿಯುವಷ್ಟರಲ್ಲಿ ಗೊತ್ತಾಯಿತು. ಹಾಯಿ ಕಟ್ಟುವ ಕಂಬ ಸೀಳಿತ್ತು.

ಈ ಕಂಬಕ್ಕೆ ಕನ್ನಡದಲ್ಲಿ ಕೂವೆ, ಕೂವೆಮರ ಎಂಬ ಹಳೆಯ ಹೆಸರಿದೆ. ಹಾಯಿಹಡಗುಗಳು ಹೋದಂತೆ ಮಾತೂ ಹಿಂದೆ ಸರಿಯಿತು. ಈಗ ಕರಾವಳಿಯಲ್ಲೂ ಹುಡುಗರು ಮಾಸ್ಟ್ ಎಂದೇ ಅನ್ನುತ್ತಾರೆ. ನಾನು ಹಟಕ್ಕೆ ಕೂವೆ ಎಂದೇ ಬರೆಯುತ್ತೇನೆ. ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಎಷ್ಟೋ ಹಡಗುಗಳಿಗೆ ಕೂವೆಮರ ಹೋಗುತ್ತಿದ್ದದ್ದು ನಮ್ಮ ಕೆನರಾ, ಮಲಬಾರಿನ ಕಾಡುಗಳಿಂದ. ಘಟ್ಟದ ನೆರಳಲ್ಲಿ ಬೆಳಕು ಹುಡುಕಿಕೊಂಡು ನೆಟ್ಟಗೆ ಮೇಲೇರುವ ಹೊನ್ನೆ ಜಾತಿಯ ಮರ ಅದು. ಹಳಗನ್ನಡದ ಪೊನ್ನೆ, ಮಲಯಾಳದ ಪುನ್ನ, ಅವರ ಬಾಯಲ್ಲಿ ಪೂನ್ ಆಯಿತು. ಪೂನ್ ಕಂಬ ಎಂದೇ ಅವರ ಹಡಗುಕಟ್ಟೆಗಳಲ್ಲಿ ಹೆಸರು. ಒಂದು ಮರ ಕಡಿದರೆ ಒಂದು ಕೂವೆ. ಅದರಲ್ಲಿ ಅಂಟಿನ ಮಾತೇ ಇಲ್ಲ.

ಭಾವನ ಕೂವೆ ಹಾಗಲ್ಲ. ಇಪ್ಪತ್ತೈದು ಅಡಿ ಉದ್ದದ ಆ ಕಂಬ ನಿಜಕ್ಕೆ ಒಂದು ಉದ್ದನೆಯ ಪೆಟ್ಟಿಗೆ. ಎರಡು ಅಗಲದ ಹಲಗೆ, ಎರಡು ಕಿರಿದಾದ ಹಲಗೆ, ನಾಲ್ಕನ್ನೂ ಅಂಚಿಗೆ ಅಂಚು ಅಂಟಿಸಿ, ಮೂಲೆಗಳನ್ನು ಕೀಸಿ ದುಂಡು ಮಾಡಿದ್ದು. ಒಳಗೆ ಟೊಳ್ಳು. ತಲೆಗೆ, ಬುಡಕ್ಕೆ, ಉಕ್ಕಿನ ಹುರಿಗಳು ಕಚ್ಚುವ ಜಾಗಕ್ಕೆ ಮಾತ್ರ ಒಳಗಡೆ ಗಟ್ಟಿ ಮರದ ತುಂಡು ತುಂಬಿರುತ್ತಾರೆ.

ಟೊಳ್ಳು ಯಾಕೆ ಎಂದರೆ ಬಿದಿರನ್ನು ನೋಡಿದರೆ ಸಾಕು. ಕಂಬ ಬಾಗುವಾಗ ಒಂದು ಮಗ್ಗುಲು ಎಳೆಯುತ್ತದೆ, ಎದುರು ಮಗ್ಗುಲು ಕುಗ್ಗುತ್ತದೆ. ನಟ್ಟನಡುವಿನ ಮರಕ್ಕೆ ಹೆಚ್ಚು ಕೆಲಸವಿಲ್ಲ, ಸುಮ್ಮನೆ ಭಾರ. ದೋಣಿಯಲ್ಲಿ ಎತ್ತರದ ಭಾರ ಎಲ್ಲಕ್ಕಿಂತ ದುಬಾರಿ. ಕೂವೆಯ ತುದಿಯಲ್ಲಿ ಉಳಿಸಿದ ಒಂದು ಕಿಲೋಗೆ ತಳದಲ್ಲಿ ಹಲವು ಕಿಲೋ ಸೀಸ ತುಂಬಿದಷ್ಟು ಬೆಲೆ. ಅದಕ್ಕೇ ಮರವನ್ನೂ ಹಗುರಾದದ್ದನ್ನೇ ಆರಿಸುತ್ತಾರೆ. ಅಲಾಸ್ಕಾದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ ಶಾಂತಸಾಗರದ ಅಂಚಿನಲ್ಲಿ ಬೆಳೆಯುವ ಸಿಟ್ಕಾ ಸ್ಪ್ರೂಸ್ ಇದಕ್ಕೆ ಹೆಸರುವಾಸಿ. ಎಳೆ ನೆಟ್ಟಗೆ, ಗಂಟು ಕಡಿಮೆ, ಒಣಗಿದಾಗ ಘನ ಮೀಟರಿಗೆ ಸುಮಾರು 400 ಕಿಲೋ. ನಮ್ಮ ತೇಗ 650ರ ಆಸುಪಾಸು ತೂಗುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೆಕ್ಕೆಗೂ ಇದೇ ಮರ ಹೋಯಿತು.

ನಾನು ಹೋಗಿ ತಲುಪಿದಾಗ ಏಪ್ರಿಲ್. ದೋಣಿಗಳನ್ನು ಚಳಿಗಾಲಕ್ಕೆ ಎಳೆದು ನಿಲ್ಲಿಸುವ ಅಂಗಳ, ತಗಡಿನ ಶೆಡ್ಡುಗಳು, ಉಪ್ಪು ಕೆಸರಿನ ವಾಸನೆ. ಶರಾವತಿಯ ಅಳಿವೆಯ ವಾಸನೆಯೇ, ಬಂಗಡೆ ಒಂದಿಲ್ಲ ಅಷ್ಟೆ. ಕೂವೆಯನ್ನು ಬಡಗಿಗಳು ಮರ ಇಡುವ ಆರು ಕುದುರೆಗಳ ಮೇಲೆ ಅಡ್ಡ ಮಲಗಿಸಿದ್ದರು. ಬುಡದಿಂದ ಮೇಲಕ್ಕೆ ನಾಲ್ಕಡಿಯಷ್ಟು ಸಂದು ಬಾಯಿಬಿಟ್ಟಿತ್ತು. ಭಾವ ಅದಕ್ಕಿಂತ ಹೆಚ್ಚು ಹೆದರಿದ್ದು ಅದರ ಪಕ್ಕದ ಇನ್ನೊಂದು ಬಿರುಕಿಗೆ. ಎಳೆಯ ಜೊತೆಯಲ್ಲೇ ಹೊರಟು ಒಂದು ಗೇಣು ಓಡಿ ನಿಂತಿತ್ತು ಅದು.

ಪಕ್ಕದ ಶೆಡ್ಡಿನಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕರಿದ್ದರು. ಜೀವಮಾನವೆಲ್ಲ ದೋಣಿ ಕಟ್ಟಿದವರು. ಬಂದು ನೋಡಿ, ಭಾವ ಹೆದರಿದ ಬಿರುಕನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಇದನ್ನು ಬಿಡಿ ಎಂದರು. ಮರ ಒಣಗುವಾಗ ಎಳೆಯ ಉದ್ದಕ್ಕೆ ಬೀಳುವ ಬಿರುಕು ಹೆಚ್ಚಿನ ಸಲ ನಿರುಪದ್ರವಿ. ಮರದ ಉದ್ದ ತೇವಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಮನೆಯ ಹಳೆ ತೊಲೆಗಳಲ್ಲಿ ಬೆರಳು ಹೋಗುವಂಥ ಬಿರುಕು ನೋಡಿದ್ದೇವಲ್ಲ, ಅಜ್ಜನ ಕಾಲದಿಂದ ಮಾಡು ಹೊತ್ತೇ ಇವೆ. ಇಂಥ ಬಿರುಕಿಗೆ ಗಟ್ಟಿಯಾಗಿ ಕೂರುವ ಲಪ್ಪ ತುಂಬುವುದೇ ದೊಡ್ಡ ತಪ್ಪು. ಮಳೆಗಾಲದಲ್ಲಿ ಮರ ಹಿಗ್ಗಿ ಬಿರುಕು ಮುಚ್ಚಿಕೊಳ್ಳಲು ನೋಡುತ್ತದೆ, ನಡುವೆ ಕಲ್ಲಿನಂಥ ಲಪ್ಪ ಕೂತಿದ್ದರೆ ಅದೇ ಬೆಣೆಯಾಗಿ ಇನ್ನೂ ಆಳಕ್ಕೆ ಸೀಳುತ್ತದೆ. ಮೇಣದಂಥ ಮೆತ್ತನೆಯದನ್ನು ತುಂಬಿ ನೀರು ಕೂರದ ಹಾಗೆ ನೋಡಿಕೊಂಡರೆ ಸಾಕು.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ? ಮುದುಕರು ಟಾರ್ಚನ್ನು ಕಂಬಕ್ಕೆ ಒರಗಿಸಿ ಹಿಡಿದು, ಬೆಳಕು ಮೈಯ ಮೇಲೆ ಓರೆಯಾಗಿ ಬೀಳುವ ಹಾಗೆ ತಳ್ಳಿಕೊಂಡು ಹೋದರು. ಎಳೆಗೆ ಅಡ್ಡವಾಗಿ, ಇಸ್ತ್ರಿ ಬಟ್ಟೆಯ ನಿರಿಗೆಯಂಥ ಕೂದಲೆಳೆ ಗೆರೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಅದು ಇದ್ದರೆ ಮರದ ನಾರುಗಳು ಒತ್ತಡಕ್ಕೆ ಮಡಚಿಕೊಂಡಿವೆ ಎಂದರ್ಥ. ಅಷ್ಟು ದೂರ ಆ ಕೂವೆ ಸತ್ತಂತೆ; ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ಮರ ಕೂಡಿಸಬೇಕು. ಕೂಡಿಸುವುದೂ ಸುಲಭವಲ್ಲ. ಮರದ ಕಡಿದ ತುದಿಗೆ ತುದಿ ಇಟ್ಟು ಅಂಟಿಸಿದರೆ ನಿಲ್ಲುವುದಿಲ್ಲ. ಎರಡನ್ನೂ ಓರೆಯಾಗಿ ಕೀಸಿ, ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಒಂದರ ಮೇಲೊಂದು ಕೂರಿಸಬೇಕು. ಐದು ಸೆಂಟಿಮೀಟರ್ ದಪ್ಪಕ್ಕೆ ಅರವತ್ತು ಸೆಂಟಿಮೀಟರ್ ಓರೆ. ಭಾವನ ಅದೃಷ್ಟ, ಅಡ್ಡ ಗೆರೆ ಎಲ್ಲೂ ಇರಲಿಲ್ಲ. ನಾಲ್ಕಡಿ ಉದ್ದ ಬಿಟ್ಟ ಬಾಯಿ ಚಿಲ್ಲರೆ, ಕೂದಲೆಳೆಯ ಅಡ್ಡ ಗೆರೆ ಮಾರಕ ಎನ್ನುವ ಈ ಲೆಕ್ಕ ನನ್ನ ತಲೆಗೆ ಹೋಗಲು ಒಂದು ದಿನ ಬೇಕಾಯಿತು.

ಉಳಿದದ್ದು ಬಿಟ್ಟ ಸಂದು. ಅದು ಯಾಕೆ ಬಿಟ್ಟಿತು? ಭಾವನ ಪ್ರಕಾರ ಹೋದ ಶರತ್ಕಾಲದ ಗಾಳಿ. ಮುದುಕರು ಬುಡದ ಗಟ್ಟಿ ತುಂಡನ್ನು ತೋರಿಸಿದರು. ಟೊಳ್ಳು ಕೂವೆಗೆ ತುದಿಯ ರಾಟೆಯಿಂದ, ಸ್ಕ್ರೂ ತೂತುಗಳಿಂದ, ವಾರ್ನಿಷ್ ಎದ್ದ ಕಡೆಯಿಂದ ಹನಿ ಹನಿಯಾಗಿ ನೀರು ಇಳಿಯುತ್ತದೆ. ಇಳಿದದ್ದು ಬುಡದ ಗಟ್ಟಿ ತುಂಡಿನ ಮೇಲೆ ಬಾವಿಯ ಹಾಗೆ ನಿಲ್ಲುತ್ತದೆ. ಅದು ಹೊರಗೆ ಹೋಗಲಿ ಎಂದು ಕಟ್ಟಿದವರು ಬುಡದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಭಾವನಿಗಿಂತ ಮುಂಚಿನ ಯಾರೋ ಪುಣ್ಯಾತ್ಮರು, ತೂತು ಕಂಡರೆ ಮುಚ್ಚಬೇಕು ಎಂಬ ಶ್ರದ್ಧೆಯಿಂದ, ಅದಕ್ಕೆ ಲಪ್ಪ ತುಂಬಿ ಮೇಲೆ ಬಣ್ಣ ಬಳಿದಿದ್ದರು. ನಿಂತ ನೀರು ಜನವರಿಯ ಚಳಿಗೆ ಹೆಪ್ಪುಗಟ್ಟಿತು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಹೊರಗಿಂದ ಬಂದ ಗಾಳಿಗೆ ಜಗ್ಗದ ಕೂವೆ ಒಳಗಿನ ಮಂಜುಗಡ್ಡೆಗೆ ಬಾಯಿಬಿಟ್ಟಿತು.

ಭಾವನ ಯೋಜನೆ ಸರಳವಾಗಿತ್ತು. ಸಂದಿಗೆ ಅಂಟು ಸುರಿಯುವುದು, ಕ್ಲಾಂಪ್ ಹಾಕಿ ಬಿಗಿಯುವುದು, ಊಟಕ್ಕೆ ಮನೆಗೆ ಹೋಗುವುದು. ಮುದುಕರು ಒಂದು ತೆಳ್ಳನೆಯ ಬೆಣೆ ಕೊಟ್ಟು, ಇನ್ನಷ್ಟು ಸೀಳಿ ಎಂದರು.

ಸೀಳಿದ್ದನ್ನು ಕೂಡಿಸಲು ಹೊರಟವನಿಗೆ ಇನ್ನೂ ಸೀಳು ಎಂದರೆ ಹೇಗಾಗಬೇಡ? ಭಾವನ ಮುಖ ನೋಡಲಾಗುತ್ತಿರಲಿಲ್ಲ. ಆದರೆ ಇಡೀ ದುರಸ್ತಿಯ ತಿರುಳು ಇರುವುದು ಇಲ್ಲೇ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಅಂಟಿಗೆ ಹಿಡಿಯಲು ಮರದ ನಾರು ಬೇಕು, ಬೆತ್ತಲೆಯಾಗಿ ಬೇಕು. ಕೂದಲೆಳೆ ಸಂದಿಗೆ ಮೇಲಿಂದ ಅಂಟು ಸುರಿದರೆ ಅದು ಹಳೆಯ ಅಂಟಿನ ಪುಡಿ, ಉಪ್ಪು, ಹಳೆ ವಾರ್ನಿಷಿನ ಮೇಲೆ ಕೂತು ಒಣಗುತ್ತದೆ. ನೋಡಲು ಮುಚ್ಚಿದಂತೆ ಕಾಣುತ್ತದೆ, ಮೊದಲ ಗಾಳಿಗೆ ಬಿಡುತ್ತದೆ. ಇನ್ನೊಂದು ಕಾರಣ: ನಾಲ್ಕಡಿ ಬಾಯಿಬಿಟ್ಟ ಸಂದು ಅದರಾಚೆಗೆ ಎಷ್ಟು ದೂರ ಸತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಕಿವಿಗೆ ಕೇಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಮುದುಕರು ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣಿಗೊಂದು ಸಲ ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟಲ್ಲಿ ಬೊಳ್ ಎನ್ನುತ್ತದೆ. ಟಣ್ ಎಂದದ್ದು ಒಂಬತ್ತನೆಯ ಅಡಿಯ ಮೇಲೆ. ಬೆಣೆಯನ್ನು ಸಂದಿಗಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಳೆಯ ಅಂಟು ಹಪ್ಪಳ ಮುರಿದಂತೆ ಸದ್ದು ಮಾಡುತ್ತ ಬಿಡುತ್ತಿತ್ತು. ಒಂದು ಬೆಣೆಯ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ನಿಲ್ಲಿಸಬೇಕಾದ ಗುರುತೂ ಅವರೇ ಹೇಳಿದರು: ಅಂಟಿನ ಬದಲು ಮರವೇ ಸಿಬಿರೆದ್ದು ಹರಿಯತೊಡಗಿದರೆ ಅಲ್ಲಿ ಅಂಟು ಇನ್ನೂ ಗಟ್ಟಿ ಇದೆ, ಮುಟ್ಟಬೇಡಿ. ಮರವನ್ನು ಅಡ್ಡಕ್ಕೆ ಹರಿಯಲು ಬೇಕಾಗುವ ಬಲ ಉದ್ದಕ್ಕೆ ಎಳೆದು ತುಂಡು ಮಾಡುವ ಬಲದ ಇಪ್ಪತ್ತನೆಯ ಒಂದು ಪಾಲಿಗೂ ಕಡಿಮೆ. ಒಂದು ಪೆಟ್ಟು ಹೆಚ್ಚಾದರೆ ಸೀಳು ಸಂದು ಬಿಟ್ಟು ಹಲಗೆಯೊಳಗೆ ನುಗ್ಗುತ್ತದೆ. ಹತ್ತನೆಯ ಅಡಿಗೆ ಮೊದಲ ಸಿಬಿರು ಎದ್ದಿತು. ನಿಲ್ಲಿಸಿದೆವು. ಸಂಜೆಗೆ ಕೂವೆಯ ಒಂದು ಹಲಗೆ ಮೊಸಳೆಯ ದವಡೆಯ ಹಾಗೆ ತೆರೆದುಕೊಂಡಿತ್ತು. ಒಳಗೆ ಒಂದು ಜೇಡ, ಗುಡಿಸುವಷ್ಟು ಪುಡಿ, ಕೀಸುಳಿಯ ಹೊಟ್ಟಿನ ಎರಡು ಸುರುಳಿ. 1950ರ ದಶಕದಲ್ಲಿ ಯಾರೋ ಮಾಡಿದ ಕೆಲಸದ ಹೊಟ್ಟು.

ಸಂದಿನ ಪುಡಿ ಗಾಜಿನ ಹಾಗೆ ಬೆಳ್ಳಗೆ, ಬೆರಳಲ್ಲಿ ಉಜ್ಜಿದರೆ ಹಿಟ್ಟು. ಯೂರಿಯಾ ಅಂಟು ಎಂದು ಮುದುಕರು ಕಂಡಕೂಡಲೇ ಹೇಳಿದರು. ಅದಕ್ಕೂ ಮುಂಚಿನ ಪೀಳಿಗೆಯವರು ಕೇಸಿನ್ ಅಂಟು ಬಳಸುತ್ತಿದ್ದರು, ಅಂದರೆ ಹಾಲಿನದು. ಕೆನೆ ತೆಗೆದ ಹಾಲನ್ನು ಒಡೆಸಿ, ಗಡ್ಡೆಯನ್ನು ಒಣಗಿಸಿ ಪುಡಿ ಮಾಡಿ, ಸುಣ್ಣದ ಜೊತೆ ನೀರಲ್ಲಿ ಕಲಸಿದರೆ ಒಳ್ಳೆಯ ಗಟ್ಟಿ ಅಂಟು. ಹಾಲಿನದೇ ಆದ್ದರಿಂದ ತೇವ ಸಿಕ್ಕರೆ ಬೂಸ್ಟು ಹಿಡಿಯುತ್ತದೆ. ಎರಡನೆಯ ಮಹಾಯುದ್ಧದ ಮಸ್ಕಿಟೋ ವಿಮಾನ ಹೆಚ್ಚುಕಡಿಮೆ ಪೂರ್ತಿ ಮರದ್ದು, ಮೊದಮೊದಲು ಅಂಟಿಸಿದ್ದು ಕೇಸಿನ್‌ನಿಂದ, ಆಮೇಲೆ ಫಾರ್ಮಾಲ್ಡಿಹೈಡ್ ಅಂಟಿನಿಂದ. 1944ರ ನವೆಂಬರಿನಲ್ಲಿ ನಮ್ಮ ಕಡೆಯ ಯುದ್ಧರಂಗದಲ್ಲಿ ಹಲವು ಮಸ್ಕಿಟೋಗಳು ಬಿದ್ದವು. ಮೊದಲು ಬೈಗುಳ ತಿಂದದ್ದು ಅಂಟು. ವಿಮಾನ ಕಟ್ಟಿದ ಕಂಪನಿಯ ತಂಡ ಭಾರತಕ್ಕೆ ಬಂದು ನೋಡಿ, ಅಂಟಲ್ಲ, ಮಳೆಗಾಲದ ಹವೆ ಎಂದಿತು. ಮಳೆಗಾಲವನ್ನೇ ಕಾಣದ, ಇಂಗ್ಲೆಂಡಿನಲ್ಲೇ ನಿಂತ ವಿಮಾನಗಳನ್ನು ಸರಕಾರದವರು ಬಿಚ್ಚಿ ನೋಡಿದಾಗ ಅವುಗಳಲ್ಲೂ ಅದೇ ದೋಷ ಸಿಕ್ಕಿತು: ಕಾರ್ಖಾನೆಯಲ್ಲಿ ಅಂಟಿಸುವ ಕೆಲಸವೇ ನೆಟ್ಟಗಾಗಿರಲಿಲ್ಲ. ನಮ್ಮ ಮಳೆಯ ಮೇಲೆ ಸುಳ್ಳು ಆಪಾದನೆ ಹೊರಿಸಿದ್ದು ಇದೊಂದೇ ಸಲವಲ್ಲ, ಇರಲಿ.

ಯೂರಿಯಾ ಅಂಟಿಗೂ ಭಾವನ ಊರಿಗೂ ನಂಟಿದೆ. ಎಸ್ಸೆಕ್ಸ್‌ನ ಪಕ್ಕದ ಕೇಂಬ್ರಿಜ್‌ಷೈರಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿ 1937ರಲ್ಲಿ ಏರೋಲೈಟ್ ಎಂಬ ಯೂರಿಯಾ ಅಂಟನ್ನು ಹೊರತಂದರು. ವಿಮಾನಕ್ಕೆ ಮಾಡಿದ್ದು, ಯುದ್ಧ ಮುಗಿದ ಮೇಲೆ ದೋಣಿಗೂ ಬಂತು. ನಮ್ಮ ಮನೆಗಳ ಡ್ರಾಯರುಗಳಲ್ಲಿ ಎರಡು ಟ್ಯೂಬುಗಳ ಜೋಡಿಯಾಗಿ ಬಿದ್ದಿರುವ ಅರಾಲ್ಡೈಟ್ ಕೂಡ ಮುಂದೆ ಅದೇ ಡಕ್ಸ್‌ಫರ್ಡ್‌ನಲ್ಲಿ ತಯಾರಾಯಿತು.

ಫೆವಿಕಾಲಿನ ಮಾತಿಗೆ ಬರೋಣ. ಬಿಳಿ ಅಂಟು ಮಂಚಕ್ಕೆ, ಬಾಗಿಲಿಗೆ, ಕುರ್ಚಿಗೆ ಚಿನ್ನದಂಥದ್ದು. ಅದರ ಗುಣ ಎಂದರೆ ಒಣಗಿದ ಮೇಲೂ ಒಂದಿಷ್ಟು ಮೆತ್ತಗೇ ಉಳಿಯುವುದು. ಹುರಿಗಳ ಬಿಗಿತದಲ್ಲಿ ಹಗಲೂ ರಾತ್ರಿ ಒತ್ತಡ ಹೊರುವ ಕೂವೆಯಲ್ಲಿ ಅದು ನಿಧಾನಕ್ಕೆ ಜಾರುತ್ತದೆ, ಬಿಸಿಲಿಗೆ ಇನ್ನಷ್ಟು. ಭಾವನ ಡಬ್ಬಿಯನ್ನು ನಾನು ಬೆಂಗಳೂರಿನಲ್ಲೇ ಬಿಟ್ಟು ಹೋಗಿದ್ದೆ, ಸಾಮಾನಿನ ತೂಕಕ್ಕೆ ಹೆದರಿ. ಅರಿವಿನಿಂದ ಬಿಟ್ಟೆ ಎಂದು ಈಗ ಹೇಳಿಕೊಳ್ಳುತ್ತೇನೆ. ಹಳಬರ ಮೆಚ್ಚಿನದು ರೆಸಾರ್ಸಿನಾಲ್. ನೇರಳೆ ಕೆಂಪು ಗೆರೆ ಬಿಡುತ್ತದೆ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಆದರೆ ಸಂದು ಕಾಗದದಷ್ಟು ಬಿಗಿಯಾಗಿ ಕೂರಬೇಕು, ಚದರ ಸೆಂಟಿಮೀಟರಿಗೆ ಹತ್ತು ಕಿಲೋದ ಆಸುಪಾಸು ಒತ್ತಡ ಬೇಕು, ಇಪ್ಪತ್ತೊಂದು ಡಿಗ್ರಿಯಾದರೂ ಸೆಕೆ ಬೇಕು. ಏಪ್ರಿಲ್ಲಿನ ಆ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಡಿಗ್ರಿ. ಹಾಗಾಗಿ ಎಪಾಕ್ಸಿ ಅಂಟು. ಅದು ಸಣ್ಣಪುಟ್ಟ ಸಂದನ್ನು ತಾನೇ ತುಂಬಿಕೊಳ್ಳುತ್ತದೆ, ಹೆಚ್ಚು ಒತ್ತಡ ಕೇಳುವುದಿಲ್ಲ. ಕೇಳುವುದಿಲ್ಲ ಎನ್ನುವುದಕ್ಕಿಂತ ಸಹಿಸುವುದಿಲ್ಲ: ಕ್ಲಾಂಪನ್ನು ಶಕ್ತಿಮೀರಿ ತಿರುಗಿಸಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಳಗೆ ಒಣ ಸಂದು ಉಳಿಯುತ್ತದೆ.

ಎರಡು ದಿನ ಬರೀ ಕೆರೆಯುವ ಕೆಲಸ. ಹಲಗೆಯ ಎರಡೂ ಅಂಚಿನ ಹಳೆ ಅಂಟನ್ನು ಹರಿತವಾದ ಉಕ್ಕಿನ ಪಟ್ಟಿಯಿಂದ ಕೆರೆದು, ಉಪ್ಪುಕಾಗದ ಸುತ್ತಿದ ಕಟ್ಟಿಗೆಯಿಂದ ಉಜ್ಜಿದೆವು. ಬಾಯಿ ಕಿರಿದಾದ ಕೊನೆಯ ಒಂದೂವರೆ ಅಡಿಯಲ್ಲಿ ಕೈ ಹೋಗುವುದಿಲ್ಲ, ಅಲ್ಲಿ ಆಕ್ಸಾ ಬ್ಲೇಡಿಗೆ ಉಪ್ಪುಕಾಗದ ಅಂಟಿಸಿಕೊಂಡು ಹಲ್ಲುಜ್ಜಿದ ಹಾಗೆ ಹಿಂದೆ ಮುಂದೆ. ಹೆಚ್ಚು ತಿಂದರೂ ತಪ್ಪು. ಅಂಚು ಡೊಂಕಾದರೆ ಕೂವೆಯೂ ಡೊಂಕು. ಆಮೇಲೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಮರ ಒಣಗಲೆಂದು ಐದು ದಿನ ಬಿಟ್ಟೆವು. ಈ ಐದು ದಿನ ಭಾವನಿಗೆ ಐದು ವರ್ಷ.

ಅಂಟಿಸುವ ಮುಂಚೆ ಒಂದು ಸಲ ಒಣ ತಾಲೀಮು ಮಾಡಲೇಬೇಕು. ಎಲ್ಲ ಕ್ಲಾಂಪುಗಳನ್ನೂ ಗೇಣಿಗಿಂತ ಹತ್ತಿರ ಹತ್ತಿರ ಕಚ್ಚಿಸಿ, ಕೂವೆ ನೆಟ್ಟಗಿದೆಯೇ ಎಂದು ಬುಡದಿಂದ ತುದಿಗೆ ನೂಲು ಹಿಡಿದು ನೋಡಬೇಕು. ಒಮ್ಮೆ ಅಂಟು ಗಟ್ಟಿಯಾದರೆ ಅದು ಯಾವ ಆಕಾರದಲ್ಲಿ ಮಲಗಿತ್ತೋ ಆ ಆಕಾರವೇ ಶಾಶ್ವತ. ನಮ್ಮ ಒಂದು ಕುದುರೆ ಅರ್ಧ ಇಂಚು ತಗ್ಗಿತ್ತು. ಕೆಳಗೆ ಒಂದು ಹಳೆಯ ಹೆಂಚಿನ ಚೂರು ಕೊಟ್ಟೆವು.

ಎಪಾಕ್ಸಿಯನ್ನು ಮೊದಲು ನೀರಾಗಿರುವಾಗಲೇ ಮರಕ್ಕೆ ಬಳಿದು ಕುಡಿಯಲು ಬಿಡಬೇಕು. ಇಲ್ಲದಿದ್ದರೆ ಮರವೇ ಸಂದಿನ ಅಂಟನ್ನು ಹೀರಿಕೊಳ್ಳುತ್ತದೆ. ಮೇಲಿನ ಪದರಕ್ಕೆ ಸಿಲಿಕಾದ ಹಗುರ ಪುಡಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತರಬೇಕು, ಇಳಿಯಬಾರದು, ಗಂಟಾಗಲೂ ಬಾರದು. ಭಾವ ಉತ್ಸಾಹದಲ್ಲಿ ಒಂದೇ ಲೋಟದಲ್ಲಿ ಅಷ್ಟೂ ಕಲಸಿದರು. ಎಪಾಕ್ಸಿ ಗಟ್ಟಿಯಾಗುವುದೆಂದರೆ ಒಳಗೆ ಶಾಖ ಹುಟ್ಟುವುದು. ರಾಶಿಯಾಗಿದ್ದರೆ ಆ ಶಾಖ ಹೊರಗೆ ಹೋಗದೆ ಇನ್ನಷ್ಟು ಬೇಗ ಗಟ್ಟಿಮಾಡುತ್ತದೆ. ಲೋಟ ಬೆಚ್ಚಗಾಯಿತು, ಬಿಸಿಯಾಯಿತು, ಹೊಗೆಯಾಡಿತು. "ಮಾರಾಯಾ, ಇದು ಕುದೀತಾ ಉಂಟು!" ಎಂದು ಕೂಗಿ ಅಂಗಳಕ್ಕೆ ಎಸೆದರು. ಮುದುಕರು ಏನೂ ಹೇಳದೆ ಅಗಲದ ಬಣ್ಣದ ತಟ್ಟೆಯೊಂದನ್ನು ತಂದುಕೊಟ್ಟರು. ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಎರಡನೆಯ ಸಲ ಸರಿಹೋಯಿತು. ಅಂಟು ಹಸಿಯಾಗಿರುವಾಗ ಹಲಗೆ ಸಾಬೂನಿನ ಹಾಗೆ ಜಾರುತ್ತದೆ, ಎರಡು ಕಡೆ ಸಣ್ಣ ಮೊಳೆ ಹೊಡೆದು ಹಿಡಿಸಿದೆವು. ಕ್ಲಾಂಪಿನ ಕೆಳಗೆಲ್ಲ ಪ್ಲಾಸ್ಟಿಕ್ ಹಾಳೆ, ಇಲ್ಲದಿದ್ದರೆ ಕ್ಲಾಂಪೂ ಕೂವೆಯ ಭಾಗವಾಗುತ್ತದೆ. ಸಂದಿನ ಉದ್ದಕ್ಕೂ ಅಂಟು ಮಣಿಮಣಿಯಾಗಿ ಹೊರಬಂತು, ಒಂದು ಅಂಗುಲವೂ ತಪ್ಪದ ಹಾಗೆ. ಆ ಮಣಿಸರ ಎಲ್ಲಾದರೂ ಕಡಿದಿದ್ದರೆ ಅಲ್ಲಿ ಒಳಗೆ ಅಂಟು ಸಾಲಲಿಲ್ಲ ಎಂದು ತಿಳಿಯಬೇಕು. ಒಳಮೈಗೂ ಮುಚ್ಚುವ ಮುಂಚೆಯೇ ಎಪಾಕ್ಸಿ ಬಳಿದಿದ್ದೆವು. ಮತ್ತೆ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಬುಡದ ಗಟ್ಟಿ ತುಂಡನ್ನು ಹೊಸದಾಗಿ ಮಾಡಿ ಹಾಕಿದ್ದು ಮುದುಕರು. ಅದರ ಮೇಲ್ತುದಿಯನ್ನು ಮೀನಿನ ಬಾಲದ ಹಾಗೆ ಸೀಳಿ ತೆಳ್ಳಗೆ ಮಾಡಿದರು. ಗಟ್ಟಿ ತುಂಡು ಮೊಂಡಾಗಿ ಮುಗಿದರೆ ಕೂವೆ ಬಾಗುವಾಗ ಸರಿಯಾಗಿ ಆ ಜಾಗಕ್ಕೇ ಮುರಿಯುತ್ತದಂತೆ. ಬಾಲದಂತೆ ಸಣ್ಣಗಾದರೆ ಬಿಗಿತವೂ ನಿಧಾನಕ್ಕೆ ಕಡಿಮೆಯಾಗುತ್ತದೆ.

ಆಮೇಲಿನದು ಹೆಚ್ಚು ಹೇಳುವಂಥದ್ದಲ್ಲ. ಒಂದು ವಾರ ಕಾದು, ಕೀಸಿ, ಹಳೆಯ ಸ್ಕ್ರೂ ತೂತುಗಳನ್ನು ದೊಡ್ಡದು ಮಾಡಿ ಎಪಾಕ್ಸಿ ತುಂಬಿ ಅದರೊಳಗೆ ಹೊಸ ತೂತು ಕೊರೆದೆವು, ಇನ್ನು ಸ್ಕ್ರೂ ಪಕ್ಕದಿಂದ ಮರಕ್ಕೆ ನೀರು ತಾಗಬಾರದೆಂದು. ಎಪಾಕ್ಸಿಗೆ ಬಿಸಿಲು ಆಗದು, ಅದಕ್ಕೆ ಮೇಲೆ ಏಳು ಕೈ ವಾರ್ನಿಷ್. ಏಳರಲ್ಲಿ ನಾನು ಮಾಡಿದ್ದು ಎರಡು. ರಜೆ ಮುಗಿಯುತ್ತ ಬಂದಿತ್ತು.

ಕೂವೆ ನಿಲ್ಲಿಸುವ ದಿನ ಅಕ್ಕನೂ ಬಂದಳು. ಕೂವೆಯ ಬುಡಕ್ಕೆ ನಾಣ್ಯ ಇಡುವ ಪದ್ಧತಿ ಅಲ್ಲಿನ ದೋಣಿಯವರಲ್ಲೂ ಇದೆ ಎಂದು ಕೇಳಿ ಅವಳಿಗೆ ಆ ದೇಶದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಬಹಳ ಹಳೆಯ ಪದ್ಧತಿಯೇ. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಾಯರ್ಸ್ ಬಳಿ ಥೇಮ್ಸ್‌ನ ಕೆಸರಲ್ಲಿ ಸಿಕ್ಕ ರೋಮನ್ ಕಾಲದ ಹಡಗಿನಲ್ಲಿ, ಕೂವೆ ಕೂರುವ ಗುಳಿಯೊಳಗೆ, ದೊಮಿಷಿಯನ್ ಚಕ್ರವರ್ತಿಯ ಕಂಚಿನ ನಾಣ್ಯವೊಂದಿತ್ತು. ಅದರ ಮೇಲೆ ಚುಕ್ಕಾಣಿ ಹಿಡಿದು ನಿಂತ ಭಾಗ್ಯದೇವತೆ. ಮನೆ ಕಟ್ಟುವಾಗ ಕಂಬದ ಕೆಳಗೆ ನಾಣ್ಯ ಇಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕ ಪರ್ಸಿನಿಂದ ಅರಿಸಿನ ಮೆತ್ತಿದ ಹಳೆಯ ತಾಮ್ರದ ಕಾಸೊಂದನ್ನು ತೆಗೆದಳು. ಅಮ್ಮನ ದೇವರ ಪೆಟ್ಟಿಗೆಯಲ್ಲಿದ್ದದ್ದು. ದೋಣಿಯ ತಳದ ಗುಳಿಯಲ್ಲಿ, ಸರಿಯಾಗಿ ನಡುವಿಗೆ ಇಟ್ಟಳು. ಕೂವೆಯನ್ನು ಮೂವರು ಎತ್ತಿ ಇಳಿಸುತ್ತಿದ್ದೆವು, ಬುಡ ಇನ್ನೇನು ಗುಳಿಗೆ ತಾಗಬೇಕು, ಮುದುಕರು ನಿಲ್ಲಿಸಿ ಎಂದು ಕೈ ಎತ್ತಿದರು. ಬಗ್ಗಿ, ಕಾಸನ್ನು ಎರಡು ಬೆರಳಿನಿಂದ ಒಂದು ಮೂಲೆಗೆ ಸರಿಸಿದರು. ನೀರು ಹೋಗುವ ತೂತಿಗೆ ಅದು ಅಡ್ಡ ಬರುತ್ತಿತ್ತು.